ಹನ್ನೊಂದು ಅಂಗೈ

ಮದೀನೊ ಕಾರಿನಿಂದ ಇಳಿದಾಗ ಅಂಬಿಯೊ ಮೊದಲು ನೋಡಿದ್ದು ಅವಳ ಕೈಗಳನ್ನು. ಮುಖವನ್ನಲ್ಲ, ಮೈಮೇಲಿನ ರೇಷ್ಮೆಯನ್ನೂ ಅಲ್ಲ. ಎರಡೂ ಕೈಗೆ ಮೊಣಕೈವರೆಗೆ ಗೋರಂಟಿ. ಉದ್ದನೆಯ ಉಗುರು. ಗುದ್ದಲಿ ಬಿಟ್ಟು ಹದಿನೆಂಟು ವರ್ಷವಾದ ಕೈ.

ಅಂಬಿಯೊ ಆಗ ಕವಾವದ ಹಗ್ಗ ಎಳೆಯುತ್ತಿದ್ದಳು. ಕವಾವ ಅಂದರೆ ಉದ್ದ ಹಿಡಿಯ ಅಗಲವಾದ ಹಲಗೆ. ಒಬ್ಬರು ಹಿಡಿಯನ್ನು ನೆಲಕ್ಕೆ ಒತ್ತಬೇಕು, ಎದುರಿಗೆ ನಿಂತವರು ಹಗ್ಗ ಹಾಕಿ ಎಳೆಯಬೇಕು. ಮಣ್ಣು ಸರಿದು ಬದು ಏಳುತ್ತದೆ, ಬದುಗಳ ನಡುವೆ ಶಬೆಲ್ಲೆ ನದಿಯ ನೀರು ನಿಲ್ಲುತ್ತದೆ. ಒತ್ತುವವರ ಸೊಂಟ ಹೋಗುತ್ತದೆ. ಎಳೆಯುವವರ ಅಂಗೈ ಹೋಗುತ್ತದೆ. ಹುಡುಗಿಯರಾಗಿದ್ದಾಗ ಮದೀನೊ ಒತ್ತುವವಳು, ಅಂಬಿಯೊ ಎಳೆಯುವವಳು. ಒಂದು ದಿನ ಹಿಡಿ ಸೀಳಿ ಮದೀನೊಳ ಬಲ ಅಂಗೈಯನ್ನು ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಕೊಯ್ದಿತ್ತು. ಎಳ್ಳೆಣ್ಣೆ ಹಾಕಿ ಬಟ್ಟೆ ಕಟ್ಟಿದವಳು ಅಂಬಿಯೊ. ಚಿಕ್ಕಮ್ಮನ ಮಗಳು ಅಂತ ಮಾತ್ರವಲ್ಲ, ಒಂದೇ ಕವಾವದ ಎರಡು ತುದಿ ಅಂತ.

ಆಮೇಲೆ ಮದೀನೊಳಿಗೆ ಮದುವೆಯಾಯಿತು. ಅದೇ ವರ್ಷ ಬಂದೂಕಿನವರು ಊರಿಗೆ ನುಗ್ಗಿದರು. ಕೆನ್ಯಾ ಕಡೆ ಹೊರಟ ಲಾರಿಯಲ್ಲಿ ಗಂಡನ ಪಕ್ಕ ಒಂದು ಜಾಗವಿತ್ತು. ಮದೀನೊ ಹತ್ತಿದಳು. ಅಂಬಿಯೊ ಉಳಿದಳು. ಆ ದಿನದಿಂದ ಅಂಬಿಯೊಳ ಎದೆಯಲ್ಲಿ ಒಂದು ಕೆಂಡ ಇತ್ತು. ಅದಕ್ಕೆ ಬೇರೆ ಹೆಸರಿಲ್ಲ, ಹೊಟ್ಟೆಕಿಚ್ಚು.

ಈಗ ಆ ಕೆಂಡಕ್ಕೆ ಗಾಳಿ ಬಿದ್ದಿತ್ತು.

ಕಾರಣ ಒಂದು ಕುರ್ಚಿ. ದೇಶದ ಸಂಸತ್ತನ್ನು ದೊಡ್ಡವರು ಕಡಿದ ಒಂಟೆಯ ಹಾಗೆ ಹಂಚಿಕೊಂಡಿದ್ದರು. ನಾಲ್ಕು ದೊಡ್ಡ ಕುಲಗಳಿಗೆ ಒಂದೊಂದು ಪೂರ್ತಿ ಪಾಲು. ಉಳಿದವರೆಲ್ಲ ಸೇರಿ ಅರ್ಧ ಪಾಲು. ಉಳಿದವರು ಅಂದರೆ ಕಮ್ಮಾರರು, ಚಮ್ಮಾರರು, ಮೀನು ಹಿಡಿಯುವವರು, ಮತ್ತು ನದಿದಂಡೆಯಲ್ಲಿ ಮಣ್ಣು ಅಗೆಯುವ ಅಂಬಿಯೊಳ ಜನ. ಈ ನದಿದಂಡೆಯವರನ್ನು ಗಟ್ಟಿ ಕೂದಲಿನವರು ಎನ್ನುತ್ತಿದ್ದರು, ಬಾಯಿ ತುಂಬ. ಸಿಟ್ಟು ಬಂದಾಗ ಗುಲಾಮರು ಎನ್ನುತ್ತಿದ್ದರು. ಮೆತ್ತನೆ ಕೂದಲಿನ ದೊಡ್ಡ ಕುಲದವರ ಮನೆಯಲ್ಲಿ ಇವರಿಗೆ ಹೆಣ್ಣಿಲ್ಲ, ಒಂದು ತಟ್ಟೆಯಲ್ಲಿ ಊಟವಿಲ್ಲ. ಆ ಅರ್ಧ ಪಾಲಿನಲ್ಲೂ ನದಿದಂಡೆಯ ಹೆಂಗಸಿಗೆ ಅಂತ ಈ ಸಲ ಒಂದೇ ಒಂದು ಕುರ್ಚಿ ಬಂದಿತ್ತು.

ಯುದ್ಧ ನಿಲ್ಲದ ದೇಶ, ಚುನಾವಣೆಯೇ ಬೇಡ ಎನ್ನುವ ಕಪ್ಪು ಬಾವುಟದ ಉಗ್ರರು ಬೇರೆ. ಊರೂರಿಗೆ ಮತಪೆಟ್ಟಿಗೆ ಒಯ್ಯಲು ಆಗದು. ಅದಕ್ಕೇ ಕುರ್ಚಿಯೊಂದಕ್ಕೆ ಐವತ್ತೊಂದು ಜನ ಮತದಾರರು. ಅವರ ಹೆಸರನ್ನು ಊರ ಹಿರಿಯ ಕೊಡಬೇಕು, ಅವರು ಜೌಹರ್ ಪಟ್ಟಣಕ್ಕೆ ಹೋಗಿ ಓಟು ಹಾಕಬೇಕು. ಅವರ ಊರು ಬುಲೋ ಬೀರೊದಲ್ಲಿ ಅತ್ತಿಮರದ ಕೆಳಗೆ ಜನ ಕೂತಾಗ ಹಿರಿಯ ಮಯೋವ್ ಎಲ್ಲರೆದುರಿಗೆ ಹೇಳಿದ್ದ: "ಕುರ್ಚಿ ಅಂಬಿಯೊದು. ಬೇರೆ ಮಾತಿಲ್ಲ."

ಬೇರೆ ಮಾತು ಹೇಗೆ ಇದ್ದೀತು? ಓಡದೆ ನಿಂತವಳು ಅವಳು. ನದಿದಂಡೆಯ ಹೊಲಗಳನ್ನು ದೊಡ್ಡ ಕುಲದ ಕರ್ನಲ್ ಗೂಲೇದ್ ಬಂದೂಕು ಇಟ್ಟು ಕಿತ್ತುಕೊಂಡಾಗ, "ಇದು ನಮ್ಮಪ್ಪನ ಹೊಲ" ಎಂದ ತಪ್ಪಿಗೆ ಅವಳ ಗಂಡ ಜುಮಾಲೆ ಬದುವಿನ ಮೇಲೇ ಗುಂಡು ತಿಂದು ಸತ್ತಿದ್ದ. ಅದೇ ಹೊಲದಲ್ಲಿ ಕೂಲಿಗೆ ನಿಂತು, ಕರ್ನಲ್‌ನ ಕಾವಲುಗಾರರ ಜೊತೆ ಜಗಳ ಮಾಡಿ, ಊರಿನ ಹೊಂಡಕ್ಕೆ ನದಿಯ ನೀರು ಬಿಡಿಸಿದವಳು ಅವಳು. ಅಕ್ಷರ ಬಾರದಿದ್ದರೂ ಧಾನ್ಯ ಹಂಚುವ ದಿನ ಊರಿನ ಒಬ್ಬೊಬ್ಬರ ಹೆಸರನ್ನು, ಅವರಪ್ಪನ ಹೆಸರನ್ನು ತಪ್ಪದೆ ಕೂಗುವವಳು ಅವಳು. ಐವತ್ತೊಂದು ಮತದಾರರ ಹೆಸರನ್ನು ಮಯೋವ್‌ಗೆ ಬಾಯಲ್ಲೇ ಹೇಳಿ ಬರೆಸಿದ್ದೂ ಅವಳೇ.

ಈಗ ಮದೀನೊ ಕಾರಿನಲ್ಲಿ ಬಂದಿದ್ದಳು. ಹಿಂದಿನ ಸೀಟಿನಿಂದ ಮಯೋವ್ ಇಳಿದ. ಅವನು ಅಂಬಿಯೊಳ ಮುಖ ನೋಡಲಿಲ್ಲ, ಕವಾವವನ್ನು ನೋಡಿದ.

"ಕರ್ನಲ್ ಮದೀನೊ ಅಂತಾನೆ ಕಣವ್ವ," ಅಂದ. "ಓದಿದಾಳೆ. ಮೂರು ಭಾಷೆ ಬರತ್ತೆ."

"ನಮ್ ಕುರ್ಚಿ ಯಾರಿಗೆ ಅಂತ ಕರ್ನಲ್ ಯಾಕ್ ಹೇಳ್ಬೇಕು ದೊಡ್ಡಪ್ಪ?"

"ಅವನಲ್ದೆ ಇನ್ಯಾರು ಹೇಳ್ತಾರೆ?"

ಅದು ನಿಜ. ನಿಜ ಅಂತಲೇ ಅವಳಿಗೆ ಮೈ ಉರಿಯಿತು. ಅಲ್ಲಿ ದೂರದಲ್ಲಿ ಮದೀನೊ ಕೆಸರು ತಾಗದಂತೆ ಬಟ್ಟೆ ಎತ್ತಿ ಹಿಡಿದು ನಿಂತಿದ್ದಳು. ಅದೇ ಕೆಸರು. ಅದರಲ್ಲೇ ಹೂತುಕೊಂಡು ಬೆಳೆದವಳು.

"ಇನ್ನೊಂದು ಮಾತಿದೆ," ಮಯೋವ್ ಗಂಟಲು ಸರಿ ಮಾಡಿಕೊಂಡ. "ಒಬ್ಳೇ ನಿಂತ್ರೆ ಕಾನೂನು ಒಪ್ಪಲ್ಲ. ಮಲ್ಹೀಸ್ ಬೇಕಂತೆ. ನೀನಾಗ್ಬೇಕು."

ಮಲ್ಹೀಸ್ ಅಂದರೆ ಮದುಮಗಳ ಪಕ್ಕ ನಿಲ್ಲುವ ಗೆಳತಿ. ಬೀಸಣಿಗೆ ಬೀಸಬೇಕು, ಬೆವರು ಒರೆಸಬೇಕು, ಪಟ ತೆಗೆಯುವಾಗ ಒತ್ತಿ ನಿಲ್ಲಬೇಕು. ಮದುಮಗಳಿಗಿಂತ ಒಂದು ಹಿಡಿ ಕಮ್ಮಿ ಚೆಂದ ಇರಬೇಕು. ಚುನಾವಣೆಗೂ ಈಗ ಮಲ್ಹೀಸ್ ಬಂದಿದ್ದಳು. ಗೆಲ್ಲುವವಳು ಮೊದಲೇ ಗೊತ್ತು, ಸೋಲುವುದಕ್ಕೆ ಅಂತ ಒಬ್ಬಳನ್ನು ಪಕ್ಕದಲ್ಲಿ ನಿಲ್ಲಿಸುವುದು.

"ಮೂರು ಮಾತು ಹೇಳಿದ್ರೆ ಸಾಕು. ನಿನ್ನ ಹೆಸರು. ಕರ್ನಲ್‌ಗೆ ಶುಕ್ರಿಯಾ. ಮದೀನೊ ನನಗಿಂತ ಯೋಗ್ಯಳು ಅಂತ. ಅಲ್ಲಿಗೆ ಬರೋ ನಮ್ಮೂರೋರಲ್ಲಿ ಇಬ್ರು ನಿನಗೆ ಹಾಕ್ತಾರೆ, ಮರ್ಯಾದೆಗೆ. ಉಳಿದೋರೆಲ್ಲ ಅವಳಿಗೆ."

ಅಂಬಿಯೊ ಅಂಗೈ ಒರೆಸಿಕೊಂಡಳು. ಇಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಇಲ್ಲ ಅಂದರೆ ಆ ಕಟ್ಟಡದೊಳಗೆ ಕಾಲಿಡುವ ಹಾಗಿಲ್ಲ, ಮದೀನೊ ನಿಲ್ಲುವ ಎತ್ತರದಲ್ಲಿ ಒಂದು ಗಳಿಗೆಯೂ ನಿಲ್ಲುವ ಹಾಗಿಲ್ಲ. ಹೊಟ್ಟೆಕಿಚ್ಚೇ ಅವಳ ಬಾಯಲ್ಲಿ ಮಾತಾಡಿತು.

"ಆಗ್ತೀನಿ," ಅಂದಳು.

ಮಾರನೇ ದಿನ ಬೆಳಗ್ಗೆ ಮದೀನೊ ಗುಡಿಸಲಿಗೇ ಬಂದಳು. ಒಲೆಯ ಮೇಲೆ ಜೋಳದ ಮುದ್ದೆ ಬೇಯುತ್ತಿತ್ತು. ಚಾಪೆಯ ಮೇಲೆ ಕೂರುವ ಮೊದಲು ಅದನ್ನು ಕೈಯಿಂದ ಒಮ್ಮೆ ಸವರಿದಳು. ಅದನ್ನು ಅಂಬಿಯೊ ಗಮನಿಸಿದಳು.

"ಅಬಾಯೋ, ನೋಡು, ನಿನಗೆ ಅಂತ ತಂದಿದೀನಿ," ಅಕ್ಕತಂಗಿಯರು ಕರೆಯುವ ಹಾಗೆ ಕರೆದು ಮದೀನೊ ಒಂದು ಹಸಿರು ಹೊದಿಕೆ ಬಿಚ್ಚಿದಳು. ಅವಳ ಭುಜದ ಮೇಲೂ ಅದೇ ಹಸಿರು. ಅವಳದು ರೇಷ್ಮೆ, ಇದು ನೈಲಾನು. "ಒಂದೇ ಬಣ್ಣ. ನನ್ನ ಮದುವೇಲಿ ನೀನು ಬೀಸಣಿಗೆ ಹಿಡಿದು ನಿಂತಿದ್ಯಲ್ಲ, ಹಾಗೆ."

"ಅವತ್ತು ತೋಳು ಬಿದ್ದು ಹೋಯ್ತು. ನೀನು ಒಂದ್ ಸಲಾನೂ ಸಾಕು ಅನ್ಲಿಲ್ಲ."

ಮದೀನೊ ನಕ್ಕಳು. "ಇನ್ನೂ ನೆನಪಿಟ್ಕೊಂಡಿದೀಯ!"

"ಬೇರೆ ಕೆಲ್ಸ ಏನಿತ್ತು ನನಗೆ? ನೀನು ಹೋದ್ಮೇಲೆ ನೆನಪಿಟ್ಕೊಳೋದೇ ಕೆಲ್ಸ."

"ಹೊಟ್ಟೆಕಿಚ್ಚು ಪಡಬೇಡ್ವೆ. ಅಲ್ಲಿ ನಾನೇನು ಸುಖವಾಗಿದ್ದೆ ಅಂದ್ಕೊಂಡ್ಯ? ಕಂಡೋರ ಮನೆ ಪಾತ್ರೆ ತಿಕ್ಕಿದೆ. ಅಲ್ಲೂ ಅದೇ ಬೈಗುಳ."

"ತಿಕ್ಕಿದ ಕೈಗೆ ಗೋರಂಟಿ ಚೆನ್ನಾಗಿ ಹಿಡಿದಿದೆ."

ಮದೀನೊ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು. ಮುದ್ದೆ ಕುದಿದು ತಳ ಹಿಡಿಯುವ ವಾಸನೆ ಬಂತು. ಇಬ್ಬರೂ ಏಳಲಿಲ್ಲ.

"ಒಂದು ಕೇಳ್ತೀನಿ," ಅಂಬಿಯೊ ಅಂದಳು. "ಅಲ್ಲಿ ಕೂತ ಮೇಲೆ ನದಿದಂಡೆ ಹೊಲ ವಾಪಸ್ ಕೊಡಿ ಅಂತ ಬಾಯಿ ಬಿಡ್ತೀಯಾ?"

"ಮೊದ್ಲು ಕೂರ್ಬೇಕು. ಆಮೇಲೆ ನಿಧಾನಕ್ಕೆ..."

"ಸಂಸತ್ತಲ್ಲಿ ದೇಶದ ಅಧ್ಯಕ್ಷರನ್ನ ಆರಿಸೋವಾಗ ನಿನ್ನ ಓಟು ಯಾರಿಗೆ?"

ಮದೀನೊ ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ಕರ್ನಲ್‌ನ ಡ್ರೈವರ್ ನಿಂತಿದ್ದ.

"ಅದನ್ನೆಲ್ಲ ಹೇಳ್ತಾರೆ," ಅಂದಳು.

ಅವಳು ಹೋದ ಮೇಲೆ ಅಂಬಿಯೊ ಸೀದ ಮುದ್ದೆ ತಿಂದಳು. ಒಬ್ಬ ಹೆಂಗಸಿಗೆ ಇಷ್ಟೆಲ್ಲ ಸಿಗುತ್ತದೆ, ಲಾರಿ ಸಿಗುತ್ತದೆ, ಗಂಡ ಬದುಕುತ್ತಾನೆ, ಕುರ್ಚಿ ಸಿಗುತ್ತದೆ. ಆಮೇಲೆ ಕುರ್ಚಿಯಲ್ಲಿ ಕೂತು ಏನು ಹೇಳಬೇಕು ಅಂತಲೂ ಬೇರೆಯವರೇ ಹೇಳುತ್ತಾರೆ. ಇಂಥದ್ದಕ್ಕೂ ತನಗೆ ಹೊಟ್ಟೆ ಉರಿಯುತ್ತದಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ಉರಿ ಹೋಗಲಿಲ್ಲ.

ಜೌಹರ್‌ಗೆ ಲಾರಿಯಲ್ಲಿ ಹೊರಟವರು ಅಂಬಿಯೊ, ಮಯೋವ್, ಮತ್ತೆ ಹನ್ನೊಂದು ಜನ ಮತದಾರರು. ಒಂಬತ್ತು ಹೆಂಗಸರು, ಇಬ್ಬರು ಗಂಡಸರು.

"ಉಳಿದ ನಲವತ್ತು ಜನ ಎಲ್ಲಿ ದೊಡ್ಡಪ್ಪ?"

"ಬರ್ತಾರೆ, ಬರ್ತಾರೆ," ಅಂದ ಮಯೋವ್.

ದಾರಿಯಲ್ಲಿ ಸೈನಿಕರ ಅಡ್ಡಗಂಬ. ಒಬ್ಬ ಬಂದೂಕಿನ ತುದಿಯಿಂದ ಲಾರಿಯ ಹಲಗೆ ತಟ್ಟಿದ.

"ಯಾರ ಜನ?"

"ಕರ್ನಲ್ ಗೂಲೇದ್ ಜನ," ಡ್ರೈವರ್ ಅಂದ. ಕಂಬ ಮೇಲೆದ್ದಿತು. ಈ ದೇಶದಲ್ಲಿ ಈ ಪ್ರಶ್ನೆಗೆ ಗಟ್ಟಿ ಕೂದಲಿನವರು ಯಾವತ್ತೂ ಹೀಗೇ ಉತ್ತರ ಕೊಡುತ್ತಿದ್ದರು. ಸ್ವಂತ ಹೆಸರು ಹೇಳಿದರೆ ಕಾಪಾಡಲು ಯಾರೂ ಇಲ್ಲ. ಹೊಲ ಕಿತ್ತವನ ಹೆಸರು ಹೇಳಿದರೆ ದಾರಿ ಬಿಡುತ್ತಾರೆ. ಅಂಬಿಯೊಳ ಅಜ್ಜಿಯೂ ಹೀಗೆಯೇ ಯಾರದೋ ಹೆಸರು ಹೇಳಿ ಬದುಕಿದ್ದಳು.

ಸಭಾಂಗಣದಲ್ಲಿ ಐವತ್ತೊಂದು ಪ್ಲಾಸ್ಟಿಕ್ ಕುರ್ಚಿ. ಒಂದೂ ಖಾಲಿ ಇರಲಿಲ್ಲ. ವೇದಿಕೆಯ ಮೇಲೆ ಇಬ್ಬರು ಅಭ್ಯರ್ಥಿಗಳು, ಎರಡು ಹಸಿರು. ಹಿಂದೆ ಮಯೋವ್. ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕರ್ನಲ್. ಅವನ ಮುಂದಿನ ಹಲ್ಲು ಚಿನ್ನದ್ದು. ಗುಮಾಸ್ತ ಪಟ್ಟಿ ಹಿಡಿದು ಹೆಸರು ಕೂಗತೊಡಗಿದ.

"ಜುಮಾಲೆ ಅಬೂಕರ್ ಮುದೇ."

ಅಂಬಿಯೊ ತಲೆ ಎತ್ತಿದಳು. ಅದು ಅವಳ ಗಂಡನ ಹೆಸರು.

"ಹಾಜರ್," ಅಂದ ಒಬ್ಬ. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಮೆತ್ತನೆ ಕೂದಲು. ಕರ್ನಲ್‌ನ ತಂಗಿಯ ಮಗ. ದಿನವೂ ಬದುವಿನ ಮೇಲೆ ಕೊಡೆ ಹಿಡಿದು ನಿಂತು ಅವಳ ಕೂಲಿ ಲೆಕ್ಕ ಹಾಕುವವನು.

"ಹಬೀಬೊ ಉಸ್ಮಾನ್."

ಅವಳಮ್ಮ. ಬರ ಬಿದ್ದ ವರ್ಷ ಹಸಿವಿನಿಂದ ಸತ್ತವಳು.

"ಹಾಜರ್," ಎಂದಳು ಬಂಗಾರದ ಬಳೆಯ ಒಬ್ಬ ಹೆಂಗಸು. ಈ ಹಬೀಬೊ ಕುರ್ಚಿಯಲ್ಲಿ ಹಿಡಿಸುತ್ತಿರಲಿಲ್ಲ.

ಒಂದಾದ ಮೇಲೊಂದು. ನದಿಯಲ್ಲಿ ಮುಳುಗಿದವರು, ಗುಂಡು ತಿಂದವರು, ಹೆರಿಗೆಯಲ್ಲಿ ಹೋದವರು. ಬುಲೋ ಬೀರೊದ ಗೋರಿಗಳೆಲ್ಲ ಎದ್ದು ಹಾಜರ್ ಹಾಜರ್ ಎನ್ನುತ್ತಿದ್ದವು. ಅಂಬಿಯೊ ಹಿಂದೆ ತಿರುಗಿದಳು.

"ನಾನು ಬರೆಸಿದ ಹೆಸ್ರು ಎಲ್ಲಿ ದೊಡ್ಡಪ್ಪ?"

ಮಯೋವ್ ದನಿ ತಗ್ಗಿಸಿದ. "ಪಟ್ಟೀಲಿರೋರನ್ನ ಕೊಲ್ತೀವಿ ಅಂತ ಕಪ್ಪು ಬಾವುಟದೋರು ಸಾರಿದ್ರಲ್ಲವ್ವ. ನಲವತ್ತು ಮನೆಯೋರು ಬಂದು ಕಾಲು ಹಿಡಿದ್ರು, ನಮ್ಮ ಹೆಸ್ರು ಬೇಡ ಅಂತ. ನಿನಗೆ ಹೇಳೋಕೆ ಮುಖ ಇರ್ಲಿಲ್ಲ. ಸತ್ತೋರ ಹೆಸ್ರು ಕೊಟ್ಟೆ. ಸತ್ತೋರನ್ನ ಇನ್ನೊಂದ್ ಸಲ ಕೊಲ್ಲೋಕಾಗಲ್ಲ. ಕುರ್ಚಿ ಖಾಲಿ ಇರತ್ತೆ ಅಂದ್ಕೊಂಡೆ."

"ನಮ್ಮದು ಏನು ಖಾಲಿ ಬಿದ್ರೂ ಅವರು ಬಂದು ಕೂರ್ತಾರೆ. ಇಷ್ಟು ವಯಸ್ಸಾಗಿ ಇದು ಗೊತ್ತಾಗ್ಲಿಲ್ವಾ?"

ಅಂಬಿಯೊ ಮದೀನೊಳ ಕಡೆ ನೋಡಿದಳು. ಹಬೀಬೊ ಅನ್ನುವ ಹೆಸರು ಕೂಗಿದ್ದು ಮದೀನೊಳಿಗೂ ಕೇಳಿಸಿತ್ತು. ತನ್ನನ್ನು ಎತ್ತಿ ಆಡಿಸಿದ ದೊಡ್ಡಮ್ಮನ ಹೆಸರು. ಮದೀನೊ ನೆಟ್ಟಗೆ ಮುಂದೆ ನೋಡುತ್ತ ಕೂತಿದ್ದಳು.

ಮೊದಲು ಮದೀನೊ ಮಾತಾಡಿದಳು. ಶಾಂತಿ ಅಂದಳು, ಅಭಿವೃದ್ಧಿ ಅಂದಳು. ಅವಳ ದನಿ ಚೆನ್ನಾಗಿತ್ತು. ಮೈಕ್ ಮುಂದೆ ಎಷ್ಟು ದೂರ ನಿಲ್ಲಬೇಕು ಅಂತ ಅವಳಿಗೆ ಗೊತ್ತಿತ್ತು. ಆ ನಿಲುವನ್ನು, ಆ ದನಿಯನ್ನು ಕಂಡು ಅಂಬಿಯೊಳ ಹೊಟ್ಟೆ ಮತ್ತೆ ಉರಿಯಿತು. ಸತ್ತ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿದ್ದಾರೆ, ತನಗೆ ಇನ್ನೂ ಮದೀನೊಳ ದನಿಯ ಮೇಲೆ ಅಸೂಯೆ! ಜನ ಚಪ್ಪಾಳೆ ತಟ್ಟಿದರು. ಗುಮಾಸ್ತ ಅಂಬಿಯೊಳಿಗೆ ಸನ್ನೆ ಮಾಡಿದ.

ಅವಳು ಎದ್ದಳು. ಮೈಕ್‌ಗೆ ಬಾಯಿ ತಾಗಿಸಿಬಿಟ್ಟಳು. ಕಿರ್ರೆಂದಿತು. ಯಾರೋ ನಕ್ಕರು.

"ಮೂರು ಮಾತು ಕಲಿಸಿ ಕಳಿಸಿದಾರೆ. ಮೊದಲ್ನೇದು ನನ್ನ ಹೆಸ್ರು. ಅಂಬಿಯೊ. ಅದು ಸರಿಯಾಗಿದೆ. ಉಳಿದ ಎರಡು ಹೇಳಲ್ಲ."

ಕರ್ನಲ್ ಕಾಲು ಇಳಿಸಿದ.

"ಹಬೀಬೊ ಹಾಜರ್ ಅಂತ ಒಬ್ಬಮ್ಮ ಅಂದ್ಲು. ಹಬೀಬೊ ನಮ್ಮಮ್ಮ. ಅವಳ ಗುಂಡಿ ನಾನೇ ತೋಡಿದ್ದು. ಅಮ್ಮಾ, ಎದ್ದು ಇಷ್ಟು ದೂರ ಬಂದಿದೀಯ, ಮಗಳ ಮುಖ ಯಾಕ್ ನೋಡ್ತಿಲ್ಲ? ಜುಮಾಲೆ ನನ್ನ ಗಂಡ. ಏನಪ್ಪ ಬಿಳಿ ಅಂಗಿ, ನೀನು ನನ್ನ ಗಂಡನಾ? ನಿನ್ನ ಹೆಂಡ್ತಿ ಕೈಲಿ ಕೂಲಿ ಮಾಡಿಸ್ಕೊಂಡು ನಿನ್ನೆ ಅರ್ಧ ದಿನದ ಕೂಲಿ ಮುರಿದ್ಯಲ್ಲ, ನಾಚಿಕೆ ಆಗ್ಲಿಲ್ವಾ?"

ಬಿಳಿ ಅಂಗಿಯವನು ಎದ್ದು ನಿಂತ. ಅವನ ಬಾಯಿಂದ ಆ ಬೈಗುಳ ಬಂತು. ಗುಲಾಮಿ. ಇಡೀ ಸಭಾಂಗಣಕ್ಕೆ ಕೇಳಿಸಿತು.

"ಹೂಂ. ಹಾಗನ್ನೋನು ನಮ್ಮ ಪಟ್ಟೀಲಿ ಕೂತಿದಾನೆ," ಅಂಬಿಯೊ ಅಂದಳು. "ಓಟಿನ ಕಾರ್ಡು ಬೇಡ. ಅಂಗೈ ತೋರ್ಸಿ. ಎಲ್ರೂ ಅಂಗೈ ಬಿಚ್ಚಿ ಮೇಲೆತ್ತಿ. ಕವಾವದ ಹಗ್ಗ ಎಳೆದ ಕೈ ಯಾವ್ದು ಅಂತ ನೋಡೋಣ."

ಮೂಲೆಯಲ್ಲಿ ಊರಿನ ಮುದುಕಿ ಮಕಾಯ್ ಕೈ ಎತ್ತಿದಳು. ಜಡ್ಡುಗಟ್ಟಿದ ಅಂಗೈ, ಪೂರ್ತಿ ಬಿಚ್ಚಲೂ ಆಗದು. ಪಕ್ಕದಲ್ಲಿ ಶರೀಫೊ ಎತ್ತಿದಳು. ಹಿಂದೆ ಬೇರೋವ್. ಮತ್ತೊಂದು, ಮತ್ತೊಂದು. ಹನ್ನೊಂದು ಅಂಗೈಗಳು. ನಲವತ್ತು ಕೈಗಳು ತೊಡೆಯ ಮೇಲೆ, ಅಂಗಿಯ ಜೇಬಿನಲ್ಲಿ, ಕಂಕುಳಲ್ಲಿ ಅಡಗಿದ್ದವು.

ಅಂಬಿಯೊ ಪಕ್ಕಕ್ಕೆ ತಿರುಗಿದಳು. "ಮದೀನೊ, ನೀನೂ."

ಮದೀನೊಳ ಬಲಗೈ ಮುಷ್ಟಿಯಾಯಿತು. ಬಿಗಿಯಾಯಿತು. ಬಿಚ್ಚಲಿಲ್ಲ.

ಮೈಕ್ ಸತ್ತುಹೋಯಿತು. ಇಬ್ಬರು ಕಾವಲುಗಾರರು ಅಂಬಿಯೊಳ ರಟ್ಟೆ ಹಿಡಿದು ಮೆಟ್ಟಿಲಿಳಿಸಿದರು. ಒಂದು ಮೆಟ್ಟಿಲಿಗೆ ಅವಳ ಮಂಡಿ ಬಡಿದು ರಕ್ತ ಬಂತು. ಕರ್ನಲ್ ಚಿನ್ನದ ಹಲ್ಲು ತೋರಿಸಿ ನಕ್ಕ.

"ಮಲ್ಹೀಸ್‌ಗೆ ಬಿಸಿಲು ತಾಗಿದೆ. ನೀರು ಕೊಡ್ರಪ್ಪಾ. ಓಟು ಶುರು ಮಾಡಿ."

ನಲವತ್ತು ಜನ ನಕ್ಕರು. ಗೋಡೆಯ ಪಕ್ಕ ನೆಲದ ಮೇಲೆ ಕೂತು ಅಂಬಿಯೊ ಓಟು ಹಾಕುವುದನ್ನು ನೋಡಿದಳು. ಅವಳ ಗಂಡ ಓಟು ಹಾಕಿದ. ಅವಳಮ್ಮ ಬಳೆ ಸದ್ದು ಮಾಡುತ್ತ ಓಟು ಹಾಕಿದಳು. ಪೆಟ್ಟಿಗೆ ಬಿಚ್ಚಿ ಎಣಿಸಿದರು. ಗುಮಾಸ್ತ ಒಂದು ಸಲ ಎಣಿಸಿ, ಕರ್ನಲ್ ಮುಖ ನೋಡಿ, ಇನ್ನೊಂದು ಸಲ ಎಣಿಸಿದ.

"ಮದೀನೊ, ನಲವತ್ತು. ಅಂಬಿಯೊ, ಹನ್ನೊಂದು."

ಮರ್ಯಾದೆಗೆ ಅಂತ ಗೊತ್ತು ಮಾಡಿದ್ದು ಎರಡು. ಮಕಾಯ್ ಅಂಬಿಯೊಳ ಕಡೆ ನೋಡಲೇ ಇಲ್ಲ, ಛಾವಣಿ ನೋಡುತ್ತ ತುಟಿ ಕಚ್ಚಿ ನಗು ತಡೆದಳು. ಕರ್ನಲ್ ಈ ಸಲ ನಗಲಿಲ್ಲ.

ಹೊರಗೆ ಅಂಗಳದಲ್ಲಿ ಹೆಂಗಸರು ನಾಲಿಗೆ ಕುಣಿಸಿ ಉಲಿದರು. ಪಟ ತೆಗೆಯುವವನು ಕ್ಯಾಮರಾ ಹಿಡಿದು ಬಂದ.

"ಮಲ್ಹೀಸ್ ಎಲ್ಲಿ? ಸೋತೋಳು ಪಕ್ಕದಲ್ಲಿ ನಿಂತು ನಗ್ಬೇಕು. ಆಗ ಚೆನ್ನಾಗಿ ಬರತ್ತೆ."

ಮದೀನೊ ಕೈ ಚಾಚಿದಳು. ಬಲಗೈ. "ಬಾರೆ ಅಬಾಯೋ. ಆಗಿದ್ದಾಯ್ತು. ನಿನಗೆ ಏನೂ ಮಾಡದ ಹಾಗೆ ನಾನು ಕರ್ನಲ್‌ಗೆ ಹೇಳ್ತೀನಿ."

ಆ ಅಂಗೈ ಈಗ ಬಿಚ್ಚಿತ್ತು. ಗೋರಂಟಿಯ ಹೂವಿನ ನಡುವೆ ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಒಂದು ಗೆರೆ. ಅಲ್ಲಿ ಮಾತ್ರ ಬಣ್ಣ ಹಿಡಿದಿರಲಿಲ್ಲ.

ಅಂಬಿಯೊ ನೈಲಾನು ಹೊದಿಕೆಯನ್ನು ಹೆಗಲಿನಿಂದ ಎಳೆದಳು. ಒಳಗೆ ಅವಳದೇ ಹೊಲದ ಬಟ್ಟೆ, ಸೊಂಟದಲ್ಲಿ ಕಟ್ಟಿದ ಹಳೆಯ ಗಂಟು. ಹೊದಿಕೆಯನ್ನು ಮಡಿಸಿ ಆ ಅಂಗೈಯ ಮೇಲೆ ಇಟ್ಟಳು.

"ಈ ಅಂಗೈನ ಒಳಗೆ ಬಿಚ್ಚಿದ್ರೆ ಹನ್ನೆರಡಾಗ್ತಿತ್ತು," ಅಂದಳು.

ಮದೀನೊಳ ಮುಖ ಹೇಗೋ ಆಯಿತು. ಅದನ್ನು ನೋಡಲು ಅಂಬಿಯೊ ನಿಲ್ಲಲಿಲ್ಲ.

ಮಧ್ಯಾಹ್ನದ ಬಿಸಿಲಲ್ಲಿ ಲಾರಿ ಹೊರಟಿತು. ಮಯೋವ್ ಮೂಲೆಯಲ್ಲಿ ಮುಖ ಮುಚ್ಚಿ ಕೂತಿದ್ದ. ನಾಳೆ ಕರ್ನಲ್ ಹೊಲದಲ್ಲಿ ಈ ಹನ್ನೆರಡು ಜನಕ್ಕೆ ಕೂಲಿ ಸಿಗುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಇನ್ನೂ ಕೆಟ್ಟದ್ದು ಆಗಬಹುದು ಅಂತಲೂ ಗೊತ್ತಿತ್ತು. ಶರೀಫೊ ಬಾಳೆಹಣ್ಣು ಸುಲಿದು ಎಲ್ಲರಿಗೂ ಹಂಚಿದಳು.

ಅಡ್ಡಗಂಬದ ಹತ್ತಿರ ಬಂದಾಗ ಹಿಂದಿನಿಂದ ಹಾರ್ನ್ ಕೇಳಿಸಿತು. ಮದೀನೊಳ ಕಾರು. ಸೈನಿಕ ಓಡಿ ಬಂದು ಕಂಬ ಎತ್ತಿದ, ಸಲಾಮು ಹೊಡೆದ. ಕಾರಿನವರನ್ನು ಯಾರ ಜನ ಅಂತ ಕೇಳಲಿಲ್ಲ. ಕಪ್ಪು ಗಾಜಿನೊಳಗೆ ಹಸಿರು ರೇಷ್ಮೆ ಒಂದು ಕ್ಷಣ ಕಾಣಿಸಿತು, ಆಮೇಲೆ ಲಾರಿಯವರ ಬಾಯಿಗೆಲ್ಲ ಧೂಳು. ಕಂಬ ಮತ್ತೆ ಇಳಿಯಿತು. ಆ ಕಾರು, ಆ ಸಲಾಮು, ಕೇಳದೆ ಎದ್ದ ಆ ಕಂಬ, ಎಲ್ಲವೂ ಅಂಬಿಯೊಳಿಗೆ ಬೇಕಾಗಿತ್ತು. ಈಗಲೂ ಬೇಕಾಗಿತ್ತು. ಧೂಳನ್ನು ಉಗಿದಳು.

ಸೈನಿಕ ಬಂದು ಹಲಗೆ ತಟ್ಟಿದ. "ಯಾರ ಜನ?"

"ಕರ್ನಲ್ ಗೂ..." ಡ್ರೈವರ್ ಶುರು ಮಾಡಿದ.

"ಸುಮ್ನಿರು," ಅಂಬಿಯೊ ಎದ್ದು ನಿಂತಳು. ಮಂಡಿಯ ರಕ್ತ ಒಣಗಿ ಬಟ್ಟೆಗೆ ಅಂಟಿತ್ತು. "ನಾವು ಯಾರ ಜನಾನೂ ಅಲ್ಲ. ಬುಲೋ ಬೀರೊದವರು. ಹೆಸ್ರು ಬೇಕಾದ್ರೆ ಬರ್ಕೋ."

ಸೈನಿಕ ಅವಳನ್ನೇ ನೋಡಿದ. ಬಂದೂಕನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡ. ರಸ್ತೆಯ ಎರಡೂ ಕಡೆ ಮುಳ್ಳಿನ ಪೊದೆ. ಅದರ ಹಿಂದೆ ಕಪ್ಪು ಬಾವುಟದವರು ಕೇಳಿಸಿಕೊಳ್ಳುತ್ತಿದ್ದಾರೋ ಏನೋ, ಯಾರಿಗೆ ಗೊತ್ತು.

"ಅಂಬಿಯೊ. ಹಬೀಬೊ ಉಸ್ಮಾನ್ ಮಗಳು. ಅಮ್ಮ ಸತ್ತಿದಾಳೆ. ನಾನು ಬದುಕಿದೀನಿ."

ಅವಳ ಪಕ್ಕದಲ್ಲಿ ಮುದುಕಿ ಮಕಾಯ್ ಲಾರಿಯ ಹಲಗೆ ಹಿಡಿದು ಎದ್ದಳು.

"ಮಕಾಯ್ ಮುಖ್ತಾರ್," ಅಂದಳು. "ಬರ್ಕೊಳಪ್ಪ. ಬದುಕಿದೀನಿ."

ಅವಳ ಹಿಂದೆ ಶರೀಫೊ ಎದ್ದಳು.